ಹೆಸರು ಬಾಗಿಲು ದಾಟದಿರಲಿ: ಶೃಂಗಾರ ಕಥಾಕಮ್ಮಟ ನಡೆಸುವವರಿಗೆ ಬಹಿರಂಗ ಪತ್ರ

ಮಾನ್ಯರೇ,

ಶೃಂಗಾರ ಕಥೆ ಬರೆಯುವವರನ್ನು ಒಂದೆಡೆ ಕೂರಿಸಿ, ಓದಿಸಿ, ತಿದ್ದಿಸುವ ಕಮ್ಮಟಗಳನ್ನು ನಡೆಸಲು ಹೊರಟಿರುವ ಸಂಘಟಕರಿಗೂ ಅದಕ್ಕೆ ಸಭಾಂಗಣ ಕೊಡುವವರಿಗೂ ಈ ಪತ್ರ ಬರೆಯುತ್ತಿದ್ದೇವೆ. ನಿಮ್ಮ ತಲೆಯಲ್ಲಿ ಮೊದಲು ಏಳುವ ಚಿಂತೆ ಯಾವುದೆಂದು ನಮಗೆ ಗೊತ್ತು: ಯಾರಾದರೂ ಬಂದು ಇದು ಅಶ್ಲೀಲ ಎಂದು ಗಲಾಟೆ ಮಾಡಿದರೆ? ಆ ಚಿಂತೆಗೆ ಉತ್ತರ ಇದೆ, ಮುಂದೆ ಹೇಳುತ್ತೇವೆ. ಆದರೆ ಬರುವ ಕಥೆಗಾರರ ಭಯ ಅದಲ್ಲ. ಅವರ ಭಯ ಒಂದೇ, ತಮ್ಮ ಹೆಸರು ಆ ಕೋಣೆಯಿಂದ ಆಚೆ ಹೋಗುವುದು. ಕೆಲಸ, ಮದುವೆ, ಮಕ್ಕಳ ಶಾಲೆ, ಬಾಡಿಗೆ ಮನೆ, ಎಲ್ಲವೂ ಆ ಒಂದು ಹೆಸರಿಗೆ ಕಟ್ಟಿಕೊಂಡಿರುತ್ತವೆ. ಹೆಸರು ಹೊರಬೀಳುವುದು ಸಾಮಾನ್ಯವಾಗಿ ದ್ವೇಷದಿಂದಲ್ಲ. ಹಾಜರಿ ಹಾಳೆಯಿಂದ, ವಾಟ್ಸಾಪ್ ಗುಂಪಿನಿಂದ, ಕಡತದ ಒಳಗೆ ಕೂತ ಒಂದು ಸಾಲಿನಿಂದ, ನೆನಪಿಗೆಂದು ತೆಗೆದ ಫೋಟೊದಿಂದ. ಒಳ್ಳೆಯ ಮನಸ್ಸಿನ ಸಂಘಟಕರೇ ಇದನ್ನೆಲ್ಲ ಅರಿಯದೆ ಮಾಡಿಬಿಡುತ್ತಾರೆ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇವೆ.

1954ರಲ್ಲಿ ಪೋಲೀನ್ ರೇಯಾಜ್ ಎಂಬ ಹೆಸರಿನಲ್ಲಿ ಫ್ರೆಂಚ್ ಭಾಷೆಯ ಒಂದು ಶೃಂಗಾರ ಕಾದಂಬರಿ ಬಂತು. ಬರೆದವರು ಆನ್ ದೆಕ್ಲೋ. ಪ್ಯಾರಿಸ್ಸಿನ ಸಾಹಿತ್ಯಲೋಕ ಅವರನ್ನು ದೊಮಿನಿಕ್ ಓರಿ ಎಂಬ ಸಂಪಾದಕಿಯಾಗಿ ಬಲ್ಲದು. ಆ ಪುಸ್ತಕ ತನ್ನದೆಂದು ಅವರು ಬಹಿರಂಗವಾಗಿ ಒಪ್ಪಿಕೊಂಡದ್ದು 1994ರಲ್ಲಿ, 86ರ ವಯಸ್ಸಿನಲ್ಲಿ. ನಲವತ್ತು ವರ್ಷ ಆ ಗುಟ್ಟು ನಿಂತದ್ದು ಗೊತ್ತಿದ್ದ ಕೆಲವರು ಬಾಯಿ ಬಿಡದೆ ಇದ್ದುದರಿಂದ. ಯಾವಾಗ ಹೇಳಬೇಕು, ಹೇಳಬೇಕೇ ಬೇಡವೇ ಎನ್ನುವ ತೀರ್ಮಾನ ಕೊನೆಯವರೆಗೂ ಅವರ ಕೈಯಲ್ಲೇ ಉಳಿಯಿತು. ನಿಮ್ಮ ಕಮ್ಮಟಕ್ಕೆ ಬರುವ ಪ್ರತಿಯೊಬ್ಬರಿಗೂ ಆ ತೀರ್ಮಾನ ಅವರವರ ಕೈಯಲ್ಲೇ ಉಳಿಯಬೇಕೆಂದು ಕೇಳುತ್ತಿದ್ದೇವೆ.

ನೋಂದಣಿಯಿಂದಲೇ ಶುರು ಮಾಡೋಣ. ಎರಡು ಪಟ್ಟಿ ಇಡಿ. ಮೊದಲನೆಯದರಲ್ಲಿ ನಿಜವಾದ ಹೆಸರು, ತುರ್ತಿಗೆ ಕರೆಯಬೇಕಾದ ಒಂದು ನಂಬರು, ಒಂದು ಕ್ರಮಸಂಖ್ಯೆ. ಎರಡನೆಯದರಲ್ಲಿ ಅದೇ ಕ್ರಮಸಂಖ್ಯೆ, ಕಾವ್ಯನಾಮ, ಊಟ ಮತ್ತು ಆಸನದ ವಿವರ. ಮೊದಲ ಪಟ್ಟಿ ಒಬ್ಬರ ಬಳಿ ಮಾತ್ರ, ಅದೂ ಕಾಗದದ ಮೇಲೆ. ಕಮ್ಮಟದ ಉಳಿದೆಲ್ಲ ಕೆಲಸ, ಬ್ಯಾಡ್ಜು, ವೇಳಾಪಟ್ಟಿ, ಗುಂಪು ಹಂಚಿಕೆ, ಎರಡನೆಯ ಪಟ್ಟಿಯಿಂದಲೇ ಸಾಗಬೇಕು. ಸ್ವಯಂಸೇವಕರಿಗೆ ಮೊದಲ ಪಟ್ಟಿ ತೋರಿಸುವ ಅಗತ್ಯ ಯಾವ ಹಂತದಲ್ಲೂ ಬರುವುದಿಲ್ಲ. ಬರುತ್ತಿದೆ ಎಂದರೆ ಎಲ್ಲೋ ಕೆಲಸ ತಪ್ಪಾಗಿ ಹಂಚಿದ್ದೀರಿ ಎಂದರ್ಥ. ಶುಲ್ಕ ಪಡೆಯುವವರೂ ಮೊದಲ ಪಟ್ಟಿ ಇಟ್ಟುಕೊಂಡವರೇ ಆಗಿರಲಿ. ಹಣ ಕಳಿಸುವ ಆಪ್‌ಗಳಲ್ಲಿ ಬ್ಯಾಂಕ್ ಖಾತೆಯ ಹೆಸರು ಕಾಣುತ್ತದೆ, ಹಾಗಾಗಿ ಬೇರೆಯವರು ಹಣ ಪಡೆದರೆ ಗುಟ್ಟು ಬಲ್ಲವರು ಇಬ್ಬರಾಗುತ್ತಾರೆ. ಹಣದ ಜೊತೆ ಬರೆಯುವ ಟಿಪ್ಪಣಿಯಲ್ಲಿ ಕಮ್ಮಟದ ಹೆಸರು ಹಾಕಬೇಡಿರೆಂದು ಮೊದಲೇ ತಿಳಿಸಿ. ಮನೆಯವರೆಲ್ಲ ನೋಡುವ ಖಾತೆಯ ಪುಟದಲ್ಲಿ ಅದು ವರ್ಷಗಟ್ಟಲೆ ಉಳಿಯುತ್ತದೆ.

ಸಂದೇಶ ಕಳಿಸುವುದರಲ್ಲಿ ಆಗುವಷ್ಟು ತಪ್ಪು ಇನ್ನೆಲ್ಲೂ ಆಗುವುದಿಲ್ಲ. ವಾಟ್ಸಾಪ್ ಗುಂಪು ಮಾಡಿದ ಕ್ಷಣವೇ ಎಲ್ಲರ ಫೋನ್ ನಂಬರು ಎಲ್ಲರಿಗೂ ಕಾಣುತ್ತದೆ. ಆ ನಂಬರನ್ನು ಮೊದಲೇ ಉಳಿಸಿಕೊಂಡವರಿಗೆ ಹೆಸರೂ ಸಿಕ್ಕಿತು. ಗುಂಪಿನ ಬದಲು ಬ್ರಾಡ್‌ಕಾಸ್ಟ್ ಪಟ್ಟಿ ಬಳಸಿ, ಅದರಲ್ಲಿ ಪಡೆಯುವವರಿಗೆ ಒಬ್ಬರ ಗುರುತು ಇನ್ನೊಬ್ಬರಿಗೆ ಸಿಗುವುದಿಲ್ಲ. ಒಂದು ತೊಡಕಿದೆ: ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಅದಕ್ಕೇ "ನನಗೆ ಏನೂ ಬಂದೇ ಇಲ್ಲ" ಎಂಬ ದೂರು ಏಳುತ್ತದೆ, ಸಂಘಟಕರು ಬೇಸತ್ತು ಗುಂಪು ಮಾಡಿಬಿಡುತ್ತಾರೆ. ನಂಬರು ಉಳಿಸಿಕೊಳ್ಳಿ ಎಂದು ನೋಂದಣಿಯ ಉತ್ತರದಲ್ಲೇ ಬರೆದರೆ ತೊಡಕು ತೀರಿತು. ಇಮೇಲ್ ಆದರೆ ಎಲ್ಲ ವಿಳಾಸಗಳೂ ಬಿಸಿಸಿಯಲ್ಲಿ, ಅಂದರೆ ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದ ಸಾಲಿನಲ್ಲಿ. ಗುಂಪು ಚರ್ಚೆ ಬೇಕೇ ಬೇಕು ಎಂದರೆ ಸಿಗ್ನಲ್ ಎಂಬ ಆಪ್ ವಾಸಿ. 2024ರಿಂದ ಅದರಲ್ಲಿ ಬಳಕೆದಾರ ಹೆಸರು ಇಟ್ಟುಕೊಂಡು ಫೋನ್ ನಂಬರನ್ನು ಮರೆಮಾಡಬಹುದು.

ಇನ್ನು ಹಸ್ತಪ್ರತಿ. ಕಥೆಯ ಮೇಲೆ ಕಾವ್ಯನಾಮ ಹಾಕಿ ಕಳಿಸಿದ ಕಥೆಗಾರರು ತಾವು ಸುರಕ್ಷಿತ ಎಂದುಕೊಂಡಿರುತ್ತಾರೆ. ಕಡತದ ಒಳಗೆ ಕಂಪ್ಯೂಟರು ತಾನೇ ಬರೆದುಕೊಂಡ ಲೇಖಕರ ಹೆಸರು ಕೂತಿರುತ್ತದೆ, ಅದು ಬಹುಪಾಲು ನಿಜವಾದ ಹೆಸರೇ. ವಿಂಡೋಸ್‌ನ ವರ್ಡ್‌ನಲ್ಲಿ ಅದನ್ನು ತೆಗೆಯುವ ದಾರಿ ಹೀಗೆ: ಮೊದಲು ಕಡತದ ಇನ್ನೊಂದು ಪ್ರತಿ ಮಾಡಿಕೊಳ್ಳಿ. ಆ ಪ್ರತಿಯಲ್ಲಿ ಫೈಲ್, ಅಲ್ಲಿಂದ ಇನ್ಫೋ, ಚೆಕ್ ಫಾರ್ ಇಶ್ಯೂಸ್, ಇನ್‌ಸ್ಪೆಕ್ಟ್ ಡಾಕ್ಯುಮೆಂಟ್. ತಪಾಸಣೆ ಮುಗಿದ ಮೇಲೆ ಡಾಕ್ಯುಮೆಂಟ್ ಪ್ರಾಪರ್ಟೀಸ್ ಅಂಡ್ ಪರ್ಸನಲ್ ಇನ್ಫರ್ಮೇಷನ್ ಎಂಬ ಸಾಲಿನ ಎದುರು ರಿಮೂವ್ ಆಲ್ ಒತ್ತಿ, ಉಳಿಸಿ. ಪಿಡಿಎಫ್ ಮಾಡುವುದು ಇದಾದ ಮೇಲೆ. ಮೊದಲೇ ಪಿಡಿಎಫ್ ಮಾಡಿದರೆ ಹೆಸರೂ ಅದರೊಳಗೆ ನಡೆದುಬಿಡುತ್ತದೆ. ಪಿಡಿಎಫ್ ತೆರೆದು ಪ್ರಾಪರ್ಟೀಸ್‌ನಲ್ಲಿ ಆಥರ್ ಎಂಬ ಜಾಗ ಖಾಲಿ ಇದೆಯೇ ಎಂದು ಒಮ್ಮೆ ನೋಡಿ. ತಿದ್ದುಪಡಿ ಹಾಕುವವರ ಕಡೆಯಿಂದಲೂ ಇದೇ ಅಪಾಯ: ವರ್ಡ್‌ನಲ್ಲಿ ಅಂಚಿಗೆ ಬರೆದ ಪ್ರತಿ ಟಿಪ್ಪಣಿಯ ನೆತ್ತಿಯ ಮೇಲೂ ಬರೆದವರ ಹೆಸರಿರುತ್ತದೆ, ಗೂಗಲ್ ಡಾಕ್ಸ್‌ನಲ್ಲಿ ಖಾತೆಯ ಹೆಸರೂ ಚಿತ್ರವೂ ಬೀಳುತ್ತವೆ. ಹಾಗಾಗಿ ಟಿಪ್ಪಣಿಗಳು ಮುದ್ರಿತ ಪ್ರತಿಯ ಮೇಲೆ, ಕೈಬರಹದಲ್ಲಿ ಇರಲಿ ಎನ್ನುವುದು ನಮ್ಮ ಸಲಹೆ.

ಮುದ್ರಣಕ್ಕೆ ಸಂಬಂಧಿಸಿದ ಇನ್ನೊಂದು ಮಾತು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪು ಮಾಡಿದ ಕಥೆಗಳು ಬೇರೆ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಗುರುತುಗಳಾಗಿ ತೆರೆದುಕೊಳ್ಳುತ್ತವೆ. ಆಗ ಕಥೆಗಾರರು ಗಾಬರಿಯಿಂದ ತಮ್ಮ ಸ್ವಂತ ಖಾತೆಯಿಂದ, ಶುಚಿ ಮಾಡದ ಕಡತವನ್ನೇ ಮತ್ತೆ ಕಳಿಸುತ್ತಾರೆ. ಹೆಸರು ಸೋರುವುದು ಆ ಗಾಬರಿಯಲ್ಲಿ. ಎಲ್ಲ ಕಂಪ್ಯೂಟರಿನಲ್ಲೂ ತೆರೆಯುವ ಯೂನಿಕೋಡ್‌ಗೆ ಬದಲಾಯಿಸಿಯೇ ಕಳಿಸಿ ಎಂದು ಮೊದಲ ದಿನವೇ ಹೇಳಿ.

ಫೋಟೊ ವಿಷಯದಲ್ಲಿ ಬಣ್ಣದ ಪಟ್ಟಿಯ ಪದ್ಧತಿ ಹಲವು ಕಡೆ ಇದೆ: ಕೊರಳಿಗೆ ಕೆಂಪು ಹಾಕಿದವರ ಫೋಟೊ ಬೇಡ, ಹಳದಿಯಾದರೆ ಕೇಳಿ, ಹಸಿರಾದರೆ ಅಡ್ಡಿಯಿಲ್ಲ. ಕೇಳಲು ಚೆನ್ನಾಗಿದೆ, ನಡೆಯುವುದಿಲ್ಲ. ಹಸಿರು ಪಟ್ಟಿಯವರ ಹಿಂದೆ ಎರಡು ಸಾಲು ಬಿಟ್ಟು ಕೆಂಪು ಪಟ್ಟಿಯವರು ಕಾಫಿ ಕುಡಿಯುತ್ತಿರುತ್ತಾರೆ. ಈಗಿನ ಫೋನಿನ ಅಗಲ ಕಣ್ಣಿಗೆ ಅವರೂ ಸಿಗುತ್ತಾರೆ. ಸಭಾಂಗಣದೊಳಗೆ ಫೋಟೊ ಪೂರ್ತಿ ನಿಷೇಧಿಸಿ, ಹೊರಗೆ ಒಂದು ಬರೀ ಗೋಡೆ ಗೊತ್ತುಮಾಡಿ. ಬೇಕಾದವರು ಅಲ್ಲಿ ಹೋಗಿ ತೆಗೆಸಿಕೊಳ್ಳಲಿ. ಫೋನ್ ತೆಗೆದ ಚಿತ್ರದೊಳಗೆ ಜಾಗದ ಅಕ್ಷಾಂಶ ರೇಖಾಂಶ ದಾಖಲಾಗಿರಬಹುದು. ಡಾಕ್ಯುಮೆಂಟ್ ರೂಪದಲ್ಲಿ ಕಳಿಸಿದಾಗ ಆ ಮಾಹಿತಿ ಹಾಗೇ ಹೋಗುತ್ತದೆ. ಕ್ಯಾಮೆರಾದ ಲೊಕೇಷನ್ ಆರಿಸಿಡಲು ಹೇಳಿ. ಧ್ವನಿಮುದ್ರಣ ಬೇಡವೇ ಬೇಡ. ಮುಖಕ್ಕೆ ಮುಸುಕು ಹಾಕಬಹುದು, ದನಿಯನ್ನು ಮನೆಯವರು ಅರ್ಧ ವಾಕ್ಯದಲ್ಲಿ ಗುರುತಿಸುತ್ತಾರೆ.

ಬಾಗಿಲಲ್ಲಿ ವಯಸ್ಸು ನೋಡಲೇಬೇಕು. 18 ದಾಟದವರಿಗೆ ಪ್ರವೇಶವಿಲ್ಲ. ಗುರುತಿನ ಚೀಟಿಯನ್ನು ಮೊದಲ ಪಟ್ಟಿ ಇಟ್ಟುಕೊಂಡವರೊಬ್ಬರೇ ಕಣ್ಣಲ್ಲಿ ನೋಡಿ ಹಿಂದಿರುಗಿಸಲಿ. ಫೋಟೊ, ಜೆರಾಕ್ಸ್, ನಂಬರು ಬರೆದುಕೊಳ್ಳುವುದು ಯಾವುದೂ ಬೇಡ. ಕಥೆಗಳ ಒಳಗೂ ಇದೇ ಗೆರೆ: ಅಪ್ರಾಪ್ತರನ್ನು ಕಾಮದ ನೋಟದಲ್ಲಿ ತೋರಿಸುವ ಯಾವ ಬರಹವೂ ಒಳಗೆ ಬರಬಾರದು. ಇದರಲ್ಲಿ ಚರ್ಚೆಗೆ ಜಾಗವಿಲ್ಲ, ಆಹ್ವಾನ ಪತ್ರದಲ್ಲೇ ಅಚ್ಚಾಗಿರಲಿ. ಬ್ಯಾಡ್ಜಿನ ಮೇಲೆ ಕಾವ್ಯನಾಮ ಎರಡೂ ಬದಿಗೆ ಮುದ್ರಿಸಿ. ಒಂದೇ ಬದಿಗೆ ಮುದ್ರಿಸಿದ ಬ್ಯಾಡ್ಜು ತಿರುಗಿಕೊಂಡಾಗ ಹಳೆಯ ಪರಿಚಯದವರು ನಿಜವಾದ ಹೆಸರು ಹಿಡಿದು ಕೂಗುತ್ತಾರೆ, ಅಲ್ಲಿಗೆ ಕೋಣೆಯಲ್ಲಿ ಎಲ್ಲರಿಗೂ ಗೊತ್ತಾಯಿತು.

ಸಭಾಂಗಣ ಕೊಡುವವರೇ, ಈಗ ನಿಮ್ಮ ಮಾತಿಗೆ ಬರುತ್ತೇವೆ. ಬಾಡಿಗೆ ಅರ್ಜಿಯಲ್ಲಿ ಸಂಘಟಕರು ಬರೀ "ಸಾಹಿತ್ಯ ಕಾರ್ಯಕ್ರಮ" ಎಂದು ಬರೆದು ಜಾರಿಕೊಳ್ಳುವುದು ತಪ್ಪು, ಅದರಿಂದ ನಿಮಗೂ ಅವರಿಗೂ ತೊಂದರೆ. ನಡುಮಧ್ಯಾಹ್ನ ಯಾರೋ ದೂರಿದಾಗ ಸುಳ್ಳು ಮಾಹಿತಿಯ ನೆಪದಲ್ಲಿ ಕಾರ್ಯಕ್ರಮವೇ ನಿಲ್ಲುತ್ತದೆ, ನಲವತ್ತು ಜನ ಒಮ್ಮೆಗೇ ರಸ್ತೆಗೆ ಬೀಳುತ್ತಾರೆ, ನೋಡುವವರು ಅವರ ಮುಖ ನೋಡುತ್ತಾರೆ. ಅರ್ಜಿಯಲ್ಲಿ ಹೀಗೆ ಬರೆದರೆ ಸಾಕು: "ವಯಸ್ಕ ಲೇಖಕರ ಕಥಾಕಮ್ಮಟ. ಪ್ರೇಮ ಮತ್ತು ಕಾಮ ವಿಷಯದ ಕಥೆಗಳ ಓದು ಹಾಗೂ ವಿಮರ್ಶೆ. ಪ್ರವೇಶ 18 ದಾಟಿದ, ಮೊದಲೇ ನೋಂದಾಯಿಸಿದವರಿಗೆ ಮಾತ್ರ. ಚಿತ್ರ, ವಿಡಿಯೊ ಪ್ರದರ್ಶನ ಇಲ್ಲ." ಇದನ್ನು ಓದಿ ಕೊಡುವುದಾದರೆ ಕೊಡಿ, ಇಲ್ಲವೆಂದರೆ ಅಂದೇ ಇಲ್ಲವೆನ್ನಿ. ಕೊಟ್ಟ ಮೇಲೆ ಎರಡು ಉಪಕಾರ ಮಾಡಿ. ಹೊರಗಿನ ಫಲಕದಲ್ಲಿ "ಕಥಾಕಮ್ಮಟ" ಎಂದಷ್ಟೇ ಹಾಕಿ. ಮೊಗಸಾಲೆಯ ಸ್ಪೀಕರುಗಳನ್ನು ಬಂದ್ ಮಾಡಿ. ಒಳಗಿನ ಮೈಕು ಹೊರಗಿನ ಸ್ಪೀಕರಿಗೂ ಜೋಡಿಸಿರುವುದು ಎಷ್ಟೋ ಸಭಾಂಗಣಗಳಲ್ಲಿ ಯಾರಿಗೂ ನೆನಪಿರುವುದಿಲ್ಲ. ಸಂಘಟಕರು ಹಿಂದಿನ ದಿನವೇ ಹೋಗಿ, ಒಬ್ಬರು ಒಳಗೆ ಎಂದಿನ ದನಿಯಲ್ಲಿ ಓದುತ್ತಿರುವಾಗ ಇನ್ನೊಬ್ಬರು ಬಾಗಿಲಾಚೆ ನಿಂತು ಕೇಳಿ ನೋಡಬೇಕು. ಪದ ಪದವೂ ಕೇಳಿಸಿದರೆ ಬೇರೆ ಕೋಣೆ ನೋಡಿ.

ಇಷ್ಟೆಲ್ಲ ಕಾವಲು ಯಾಕೆಂದರೆ, ಒಳಗೆ ನಡೆಯುವ ಕೆಲಸಕ್ಕೆ ಬಿಚ್ಚು ಮನಸ್ಸು ಬೇಕು. ಆ ಕೆಲಸವನ್ನು ಸರಿಯಾಗಿ ನಡೆಸುವುದು ಹೇಗೆಂದೂ ಹೇಳಬೇಕು.

ಮಿಲ್ಫರ್ಡ್ ಪದ್ಧತಿ ಎಂದು ಒಂದಿದೆ. 1956ರಲ್ಲಿ ಅಮೆರಿಕದ ಮಿಲ್ಫರ್ಡ್ ಊರಿನಲ್ಲಿ ವೈಜ್ಞಾನಿಕ ಕಥೆಗಾರರು ಸೇರಿ ಆರಂಭಿಸಿದ ಕಮ್ಮಟದಿಂದ ಬಂದದ್ದು. ಎಲ್ಲರೂ ಕಥೆಯನ್ನು ಮೊದಲೇ ಓದಿರುತ್ತಾರೆ, ಸುತ್ತ ಕೂತು ಸರದಿಯಂತೆ ಮಾತಾಡುತ್ತಾರೆ, ಬರೆದವರು ಕೊನೆಯವರೆಗೂ ಬಾಯಿ ತೆರೆಯುವಂತಿಲ್ಲ, ಆಮೇಲೆ ಅವರ ಉತ್ತರ. ಶೃಂಗಾರ ಕಥೆಗೆ ಇದರಷ್ಟು ಹೊಂದುವ ಪದ್ಧತಿ ಇನ್ನೊಂದಿಲ್ಲ. "ಇದು ನಿಜವಾಗಿ ನಡೆದದ್ದು" ಎಂದು ಬರೆದವರು ಸಮರ್ಥಿಸಿಕೊಳ್ಳುವ ದಾರಿಯನ್ನೇ ಅದು ಮುಚ್ಚುತ್ತದೆ. ಗುಂಪಿನಲ್ಲಿ ಏಳು ಜನ ಇರಲಿ. ಲೆಕ್ಕ ಹಾಕಿ ನೋಡಿ: ಒಂದು ಕಥೆಗೆ ಆರು ಜನ ತಲಾ 3 ನಿಮಿಷ, ಒಟ್ಟು 18. ಬರೆದವರಿಗೆ 5, ಹಾಳೆ ಮಡಚಿ ಮುಂದಿನದು ತೆಗೆಯಲು 2. ಒಂದಕ್ಕೆ 25 ನಿಮಿಷದಂತೆ ಏಳಕ್ಕೆ 175 ನಿಮಿಷ, ಒಂದು ಬೆಳಗು ಮುಗಿಯಿತು. ಹನ್ನೆರಡು ಜನರನ್ನು ಕೂರಿಸಿದಿರೋ, ಒಂದು ಕಥೆಗೆ 40 ನಿಮಿಷ, ಒಟ್ಟು ಎಂಟು ಗಂಟೆ. ಸಂಜೆಯ ಹೊತ್ತಿಗೆ ಕೊನೆಯ ಮೂವರ ಕಥೆಗೆ "ಚೆನ್ನಾಗಿದೆ" ಎಂಬ ಒಂದು ಪದ ಬಿಟ್ಟರೆ ಏನೂ ಸಿಗುವುದಿಲ್ಲ. ಕಥೆ 2,500 ಪದ ಮೀರದಿರಲಿ, ಹತ್ತು ದಿನ ಮೊದಲೇ ಕೈಸೇರಲಿ, ಸಾಲುಗಳಿಗೆ ಸಂಖ್ಯೆ ಇರಲಿ. "ಆ ಜಾಗದಲ್ಲಿ" ಎಂದು ತಡಕಾಡುವ ಬದಲು "74ನೆಯ ಸಾಲಿನಲ್ಲಿ" ಎಂದು ಹೇಳುವುದು ಈ ಬಗೆಯ ಬರಹದಲ್ಲಿ ಎಲ್ಲರ ಮುಜುಗರವನ್ನೂ ಅರ್ಧಕ್ಕಿಳಿಸುತ್ತದೆ.

ಮಾತಾಡುವವರು ತಮ್ಮ ಮೈಗೆ ಏನಾಯಿತೆಂದು ವರದಿ ಮಾಡುವುದು ವಿಮರ್ಶೆಯಲ್ಲ. ಮೈ ಬಿಸಿಯಾಯಿತು, ಆಗಲಿಲ್ಲ ಎನ್ನುವುದರಿಂದ ಕಥೆಗಾರರಿಗೆ ಏನೂ ದಕ್ಕುವುದಿಲ್ಲ, ಪಕ್ಕದಲ್ಲಿ ಕೂತವರಿಗೆ ಹಿಂಸೆ. ಗುಂಪು ನಡೆಸುವವರು ಆ ಮಾತನ್ನು ಅಲ್ಲೇ ತಡೆದು ಬೇರೆ ಪ್ರಶ್ನೆ ಕೇಳಬೇಕು. ಯಾವ ಸಾಲಿನಲ್ಲಿ ಓದು ನಿಂತಿತು? ಆ ಹೊತ್ತಿನಲ್ಲಿ ಇಬ್ಬರಲ್ಲಿ ಯಾರಿಗೆ ಏನು ಬೇಕಿತ್ತು? ಹಾಸಿಗೆಯಿಂದ ಏಳುವಾಗ ಅವರ ನಡುವೆ ಏನು ಬದಲಾಗಿತ್ತು? ಏನೂ ಬದಲಾಗದಿದ್ದರೆ ಆ ದೃಶ್ಯವನ್ನು ಕಿತ್ತು ಹಾಕಿ ಮುಂದಿನ ಪುಟ ಓದಿ ನೋಡಿ. ಕಥೆ ಕದಲದೆ ನಿಂತರೆ ತೊಂದರೆ ಎಲ್ಲಿದೆಯೆಂದು ಗೊತ್ತಾಯಿತು.

ಕನ್ನಡದಲ್ಲಿ ಬರೆಯುವವರಿಗೆ ಒಂದು ಕಷ್ಟ ಹೆಚ್ಚೇ ಇದೆ, ಅದಕ್ಕೆ ಕಮ್ಮಟದಲ್ಲಿ ಅರ್ಧ ದಿನವನ್ನೇ ಮೀಸಲಿಡಿ ಎನ್ನುತ್ತೇವೆ. ದೇಹದ ಅಂಗಗಳಿಗೆ ನಮ್ಮಲ್ಲಿ ಸಂಸ್ಕೃತದ ಹೆಸರುಗಳಿವೆ, ಅವು ವೈದ್ಯರ ಚೀಟಿಯಂತೆ ಕೇಳುತ್ತವೆ. ದೇಸಿ ಹೆಸರುಗಳಿವೆ, ಅವನ್ನು ಬೈಗುಳ ತಿಂದುಹಾಕಿದೆ. ಇಂಗ್ಲಿಷ್ ಹೆಸರು ಹಾಕಿದರೆ ಪಾತ್ರಗಳೇ ಬೇರೆ ಕೋಣೆಗೆ ಹೋದಂತಾಗುತ್ತದೆ. ದಾರಿ ಕಾಣದೆ ಕಥೆಗಾರರು ಹೂವು, ದುಂಬಿ, ಅಲೆ, ಜ್ವಾಲೆಗಳ ಮೊರೆಹೋಗುತ್ತಾರೆ, ಹತ್ತು ಕಥೆಗಳೂ ಒಂದೇ ತೋಟದಲ್ಲಿ ಬೆಳೆದಂತೆ ಕಾಣುತ್ತವೆ. ಇದಕ್ಕೆ ಕೈಗೂಡುವ ಅಭ್ಯಾಸ ಒಂದಿದೆ. 20 ನಿಮಿಷ ಕೊಡಿ. ಅಂಗದ ಹೆಸರೂ ಇರಕೂಡದು, ಉಪಮೆಯೂ ಇರಕೂಡದು. ಬರೀ ಕ್ರಿಯಾಪದ, ಮತ್ತು ಎಲ್ಲರೂ ಮರೆಯುವ ಜಾಗಗಳು: ಕೊರಳ ಹಿಂಬದಿ, ಮೊಣಕಾಲಿನ ಹಿಂದಿನ ಮಡಿಕೆ, ಕಿವಿಯ ಹಾಲೆ, ಬಳೆ ಒತ್ತಿದ ಗುರುತು. ಮುಗಿದ ಮೇಲೆ ಅದೇ ಪುಟಕ್ಕೆ ಮೂರೇ ಮೂರು ಹೆಸರು ಸೇರಿಸಲು ಅನುಮತಿ ಕೊಡಿ. ಯಾವ ಮೂರು, ಎಲ್ಲಿ ಎನ್ನುವ ಚರ್ಚೆಯಲ್ಲಿ ಕಲಿಯುವಷ್ಟು ಯಾವ ಉಪನ್ಯಾಸದಲ್ಲೂ ಕಲಿಯಲಾಗುವುದಿಲ್ಲ.

ಕಷ್ಟ ಕೊಟ್ಟ ಭಾಷೆಯೇ ವರವನ್ನೂ ಕೊಟ್ಟಿದೆ. "ಬನ್ನಿ" ಎನ್ನುತ್ತಿದ್ದವಳು "ಬಾ" ಎಂದಾಗ ಆಗುವುದನ್ನು ಒಂದು ಪುಟ ಬಟ್ಟೆ ಬಿಚ್ಚಿಸಿಯೂ ಆಗಿಸಲಾಗದು. ಆದರೆ ಆ ತಿರುವು ಕಥೆಯಲ್ಲಿ ಒಮ್ಮೆ ಮಾತ್ರ ಬರಬೇಕು. ಕರಡುಗಳಲ್ಲಿ ನೀವು, ನೀನು ಎರಡೂ ಕಾರಣವಿಲ್ಲದೆ ಹಿಂದೆ ಮುಂದೆ ಓಲಾಡುತ್ತಿರುತ್ತವೆ. ಮಾತುಗಳನ್ನಷ್ಟೇ ಬಣ್ಣದ ಪೆನ್ನಿನಿಂದ ಗುರುತು ಹಾಕಿಸಿದರೆ ಎರಡೇ ನಿಮಿಷದಲ್ಲಿ ಸಿಕ್ಕಿಬೀಳುತ್ತದೆ. ಹಾಗೆಯೇ ಇಬ್ಬರು ಹೆಂಗಸರ ಅಥವಾ ಇಬ್ಬರು ಗಂಡಸರ ಕಥೆಯಲ್ಲಿ "ಅವಳು ಅವಳ ಹೆಗಲ ಮೇಲೆ ಅವಳ ತಲೆ ಇಟ್ಟಳು" ಎಂದರೆ ಯಾರ ತಲೆ? "ತನ್ನ ತಲೆ" ಎಂದರೆ ಅರ್ಧ ಬಿಡಿಸಿತು, ಒಂದು ಕಡೆ ಹೆಸರು ಹಿಡಿದರೆ ಪೂರ್ತಿ ಬಿಡಿಸಿತು.

ಕೈಗಳನ್ನು ಎಣಿಸಲು ಹೇಳಿಕೊಡಿ. ನೋಡಿ: "ಅವನು ಅವಳ ಎರಡೂ ಕೈ ಹಿಡಿದುಕೊಂಡ. ಅವಳು ದೀಪ ಆರಿಸಿದಳು. ಅವನು ಅವಳ ಮುಂಗುರುಳು ಸರಿಸಿದ." ಅವಳಿಗೆ ಮೂರನೆಯ ಕೈ ಎಲ್ಲಿಂದ ಬಂತು, ಅವನಿಗೆ ಎಲ್ಲಿಂದ? ಮೊದಲು ಬಿಚ್ಚಿದ ಗುಂಡಿ ಮತ್ತೆ ಬಿಚ್ಚುವುದು, ನಿಂತಿದ್ದವರು ಹೇಳದೆ ಮಲಗಿರುವುದು, ಮೇಲಿದ್ದವರು ಕೆಳಗಾಗುವುದು, ಇವೆಲ್ಲ ಅದೇ ಜಾತಿಯ ತಪ್ಪು. ಓದುಗರ ಗಮನ ಹರಿದ ಮೇಲೆ ಎಷ್ಟು ಚೆಂದದ ವಾಕ್ಯ ಬಂದರೂ ಪ್ರಯೋಜನವಿಲ್ಲ. ಹಾಳೆಯ ಅಂಚಿನಲ್ಲಿ ಎರಡು ಗೆರೆ ಎಳೆದು, ಪ್ರತಿ ಪ್ಯಾರಾಗೆ ಯಾರು ಎಲ್ಲಿದ್ದಾರೆ, ಯಾವ ಕೈ ಎಲ್ಲಿದೆ, ಮೈಮೇಲೆ ಏನುಳಿದಿದೆ ಎಂದು ಬರೆಸಿ. ಒಪ್ಪಿಗೆಯನ್ನೂ ಅದೇ ಅಂಚಿನಲ್ಲಿ ಹುಡುಕಬಹುದು. ಪಾತ್ರ ಬೇಕು ಎಂದದ್ದು ಮಾತಿನಲ್ಲೋ, ಮೈಯಲ್ಲೋ, ಯಾವ ಸಾಲಿನಲ್ಲಿ? ಬರೆದವರ ಮನಸ್ಸಿನಲ್ಲಿ ಇದ್ದು ಪುಟದ ಮೇಲೆ ಇಲ್ಲದಿರುವುದೇ ಹೆಚ್ಚು.

ಸಂಜೆಯ ಓದಿಗೆ ಒಬ್ಬರಿಗೆ 8 ನಿಮಿಷ. ನಿಧಾನದ ಕನ್ನಡ ಓದಿನಲ್ಲಿ ಅದು ಸುಮಾರು 700 ಪದ. ಓದುವ ಮೊದಲು ಒಂದೇ ವಾಕ್ಯದಲ್ಲಿ ಸೂಚನೆ: ಹಿಂಸೆ, ಬಲವಂತ, ಸಾವು, ಅವಮಾನ ಏನಾದರೂ ಇದ್ದರೆ ಹೇಳಿಬಿಡುವುದು. ಟೇಬಲ್ ಆಟಗಳಿಂದ ಬಂದ ಎಕ್ಸ್ ಕಾರ್ಡನ್ನು ಕೆಲವರು ಇಲ್ಲೂ ಇಡುತ್ತಾರೆ, ಯಾರಾದರೂ ಮುಟ್ಟಿದರೆ ಓದು ನಿಲ್ಲುತ್ತದೆ. ನಮಗೆ ಅದು ಹಿಡಿಸಿಲ್ಲ. ಕಾರ್ಡು ಮುಟ್ಟಿದವರ ಮೇಲೆ ಎಲ್ಲರ ಕಣ್ಣು ಬೀಳುತ್ತದೆ, ಅದಕ್ಕೆ ಹೆದರಿ ಯಾರೂ ಮುಟ್ಟುವುದಿಲ್ಲ. ನಡುವೆ ಅಗಲ ದಾರಿ ಬಿಟ್ಟು, ಹಿಂಬದಿಯ ಬಾಗಿಲ ಹತ್ತಿರ ಆರೆಂಟು ಕುರ್ಚಿ ಖಾಲಿ ಇಡಿ. ಎದ್ದು ಹೋಗುವುದು ಮಾಮೂಲು ಎಂದು ಆರಂಭದಲ್ಲೇ ಹೇಳಿ. ತಮ್ಮ ಕಥೆಯನ್ನು ತಾವೇ ಓದಲು ಸಂಕೋಚಪಡುವವರಿಗೆ ಬೇರೊಬ್ಬರು ಓದಿಕೊಡಲಿ.

ಕಾಮದ ಬಗ್ಗೆ ಬರೆಯುವವರು ಕಾಮಕ್ಕೆ ಸಿಗುವವರು ಎಂದು ತಿಳಿದು ಬರುವವರು ಇರುತ್ತಾರೆ. ಅವರಿಂದಾಗಿ ಹೆಂಗಸರು ಎರಡನೆಯ ವರ್ಷ ಬರುವುದಿಲ್ಲ. "ಇದು ನಿಮ್ಮ ಅನುಭವವೇ?" ಎಂಬ ಪ್ರಶ್ನೆಯನ್ನು ನಿಯಮದಲ್ಲೇ ನಿಷೇಧಿಸಿ. ಕುತೂಹಲದಂತೆ ಕಾಣುವ ಆ ಪ್ರಶ್ನೆಯಿಂದಲೇ ಉಳಿದೆಲ್ಲ ಕಿರಿಕಿರಿ ಶುರುವಾಗುತ್ತದೆ. ದೂರು ಕೇಳಲು ಇಬ್ಬರನ್ನು ನೇಮಿಸಿ, ಒಬ್ಬರಾದರೂ ಹೆಂಗಸಾಗಿರಲಿ, ಇಬ್ಬರೂ ಮುಖ್ಯ ಸಂಘಟಕರ ಆಪ್ತರಾಗಿರದಿರಲಿ. ದೂರು ಬಂದರೆ ಹೇಳಿದ್ದನ್ನು ಬರೆದುಕೊಂಡು, ದೂರಿದವರನ್ನೂ ದೂರಿಗೆ ಒಳಗಾದವರನ್ನೂ ಬೇರೆ ಬೇರೆ ಗುಂಪಿಗೆ ಹಾಕಿ, ಆ ದಿನವೇ ತೀರ್ಮಾನ ಮಾಡಿ. ಇಬ್ಬರನ್ನೂ ಎದುರುಬದುರು ಕೂರಿಸಿ ರಾಜಿ ಮಾಡಿಸುವ ಹಳೆಯ ಚಾಳಿ ಇಲ್ಲಿ ಖಂಡಿತ ಬೇಡ. ದೂರಿದವರ ಗುರುತನ್ನು ಬಯಲು ಮಾಡುತ್ತೇನೆಂದು ಬೆದರಿಸಿದವರನ್ನು ಎರಡನೆಯ ಮಾತಿಲ್ಲದೆ ಹೊರಗೆ ಕಳಿಸಿ.

ಲಂಡನ್ನಿನ ಒಂದು ಸಂಸ್ಥೆಯಿಂದ ಬಂದ ಚ್ಯಾಥಮ್ ಹೌಸ್ ನಿಯಮವೆಂದು 1927ರಿಂದ ಒಂದು ಒಪ್ಪಂದ ಚಾಲ್ತಿಯಲ್ಲಿದೆ: ಸಭೆಯಲ್ಲಿ ಕೇಳಿದ್ದನ್ನು ಬಳಸಬಹುದು, ಯಾರು ಹೇಳಿದರೆಂದು ಹೇಳುವಂತಿಲ್ಲ. ಎಲ್ಲರಿಗೂ ನೆನಪಿರುವುದು ಇಷ್ಟು. ಬೇರೆ ಯಾರು ಯಾರು ಬಂದಿದ್ದರು ಎನ್ನುವುದನ್ನೂ ಹೇಳುವಂತಿಲ್ಲ ಎಂಬುದು ಅದರ ಇನ್ನರ್ಧ. ನಮ್ಮವರಿಗೆ ಬೇಕಿರುವುದು ಆ ಇನ್ನರ್ಧ. ಅದನ್ನು ದಪ್ಪ ಅಕ್ಷರದಲ್ಲಿ ಬರೆದು ಬಾಗಿಲಿಗೆ ಒಳಗಿನಿಂದ ಅಂಟಿಸಿ, ಹೊರಡುವಾಗ ಕಣ್ಣಿಗೆ ಬೀಳುವಂತೆ.

ಕಡೆಯ ದಿನದ ಕೆಲಸ. ಏಳು ಜನರ ಗುಂಪಿನಲ್ಲಿ ಬರೆದವರದನ್ನು ಬಿಟ್ಟು ಒಂದು ಕಥೆಗೆ ಆರು ಮುದ್ರಿತ ಪ್ರತಿ, ಒಟ್ಟು 42. ಟಿಪ್ಪಣಿ ಸಮೇತ ಎಲ್ಲವೂ ಬರೆದವರಿಗೆ ಹಿಂದಿರುಗಬೇಕು. ಗುಂಪು ನಡೆಸುವವರು ಎಣಿಸಿಯೇ ಏಳಬೇಕು. 41 ಸಿಕ್ಕರೆ ಕುರ್ಚಿಗಳ ಕೆಳಗೆ, ಕಸದ ಬುಟ್ಟಿಯಲ್ಲಿ, ಕಾಫಿ ಮೇಜಿನ ಮೇಲೆ ಹುಡುಕಿ. ಬ್ಯಾಡ್ಜುಗಳನ್ನು ಬಾಗಿಲಲ್ಲೇ ವಾಪಸು ಪಡೆಯಿರಿ. ಬ್ಯಾಗಿನ ಮೂಲೆಯಲ್ಲಿ ಉಳಿದ ಬ್ಯಾಡ್ಜು ಆರು ತಿಂಗಳ ಮೇಲೆ ಮನೆಯವರ ಕೈಗೆ ಸಿಗುತ್ತದೆ. ಬ್ರಾಡ್‌ಕಾಸ್ಟ್ ಪಟ್ಟಿಯನ್ನು ಕೊನೆಯ ಸಂದೇಶ ಕಳಿಸಿದ ಮೇಲೆ ಅಳಿಸಿ. ಲೆಕ್ಕಪತ್ರಕ್ಕೆ ಬೇಕಾದಷ್ಟನ್ನು ಕ್ರಮಸಂಖ್ಯೆಯಲ್ಲೇ ಬರೆದಿಟ್ಟುಕೊಂಡು, ಎಲ್ಲರೂ ಮನೆ ತಲುಪಿದ ಸುದ್ದಿ ಬಂದ ಮೇಲೆ ಆ ಮೊದಲ ಪಟ್ಟಿಯನ್ನು ಹರಿದು ಸುಟ್ಟುಬಿಡಿ. ಸುಟ್ಟೆವು ಎಂದು ಒಂದು ಸಾಲು ಎಲ್ಲರಿಗೂ ಬರೆದು ತಿಳಿಸಿ, ಆ ಸಾಲಿಗಾಗಿ ಅವರು ಕಾದಿರುತ್ತಾರೆ.

ಇಂತಿ,
ಕಾವ್ಯನಾಮದಲ್ಲಿ ಬರೆಯುವ ಕೆಲವು ಕಥೆಗಾರರು